ಎರಡು ನೀಲಿ ಚುಕ್ಕಿ, ನಡುವೆ ಕೆಂಪು ಮಚ್ಚೆ: ಇದು ಲೆನ್ಸ್ ಆದ ಕ್ವೇಸಾರ್ ಇರಬಹುದಾ?

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪರೀಕ್ಷೆಗಳು ಮುಗಿದ ಮೇಲೆ ರಾತ್ರಿ ಊಟ ಆಗಿ ಲೆಗಸಿ ಸರ್ವೇಯ ಆಕಾಶ ನಕ್ಷೆ ತೆರೆದು ಕೂರುವುದು ಅಭ್ಯಾಸ ಆಗಿಬಿಟ್ಟಿದೆ. ಗುರಿ ಏನೂ ಇಲ್ಲ. ಗ್ಯಾಲಕ್ಸಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇನೆ ಅಷ್ಟೇ.

ನಿನ್ನೆ ರಾತ್ರಿ ಮೀನ ರಾಶಿಯ ಒಂದು ಮೂಲೆಯಲ್ಲಿ ಕಣ್ಣು ನಿಂತಿತು. ಎರಡು ನೀಲಿ ಚುಕ್ಕಿ ಅಕ್ಕಪಕ್ಕ ಇವೆ. ಒಂದು ಸ್ವಲ್ಪ ಪ್ರಕಾಶಮಾನ, ಇನ್ನೊಂದು ಮಂಕು. ನಡುವಿನ ಅಂತರ ಅಳೆದೆ, ಸುಮಾರು 2.4 ಆರ್ಕ್‌ಸೆಕೆಂಡ್ ಬಂತು (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗವೇ ಆರ್ಕ್‌ಸೆಕೆಂಡ್). ಎರಡರ ನಡುವೆ ಮಸುಕಾದ ಕೆಂಪು ಮಚ್ಚೆಯೊಂದು ಇದೆ, ಮಂಕು ಚುಕ್ಕಿಯ ಕಡೆಗೆ ವಾಲಿಕೊಂಡಿದೆ. ಗುರುತ್ವ ಮಸೂರದ ಪಾಠದಲ್ಲಿ ತೋರಿಸುವ ಚಿತ್ರದ ಹಾಗೇ ಇದೆ. ದೂರದಲ್ಲಿ ಒಂದೇ ಕ್ವೇಸಾರ್ (ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತ ಹೊಳೆಯುವ ಚುಕ್ಕಿ), ದಾರಿಯಲ್ಲಿ ಒಂದು ಗ್ಯಾಲಕ್ಸಿ, ಅದರ ತೂಕಕ್ಕೆ ಬೆಳಕು ಬಾಗಿ ನಮಗೆ ಎರಡು ಕ್ವೇಸಾರ್ ಕಾಣುತ್ತದೆ. ಹಾಗೆ ಇರಬಹುದಾ? ಇರಬಹುದು ಅಂತಾದರೆ ಖಚಿತ ಮಾಡಿಕೊಳ್ಳುವುದು ಹೇಗೆ? ಚಿತ್ರ ಹಾಕಿದ್ದೇನೆ, ಸ್ಥಾನದ ಅಂಕಿ ಚಿತ್ರದ ಮೇಲೇ ಇದೆ. ರಾತ್ರಿ ಎರಡು ಗಂಟೆ ತನಕ ನಿದ್ದೆ ಬರಲಿಲ್ಲ.

ಹೊಸಕೋಟೆ ರಾತ್ರಿ
ಮೇಡಂ, ಒಳ್ಳೆಯ ಕಣ್ಣು ನಿಮ್ಮದು. ಕೆಂಪು ಮಚ್ಚೆ ಮಂಕು ಚುಕ್ಕಿಯ ಹತ್ತಿರ ಇದೆ ಅನ್ನುವುದನ್ನು ಗಮನಿಸಿದ್ದೀರಲ್ಲ, ಅದು ಬಹಳ ಮುಖ್ಯ. ಎರಡು ಬಿಂಬ ಮಾಡುವ ಮಸೂರದಲ್ಲಿ ಗ್ಯಾಲಕ್ಸಿಗೆ ಹತ್ತಿರದ ಬಿಂಬವೇ ಸಾಮಾನ್ಯವಾಗಿ ಮಂಕು. ದೂರದ್ದು ಪ್ರಕಾಶಮಾನ. ಜಾಗದ ಲೆಕ್ಕ ಸರಿಯಾಗಿ ಕೂರುತ್ತಿದೆ.

2.4 ಆರ್ಕ್‌ಸೆಕೆಂಡ್ ಕೂಡ ನಂಬುವ ಹಾಗಿದೆ. ಒಂದೇ ಗ್ಯಾಲಕ್ಸಿ ಮಸೂರ ಆದಾಗ ಬಿಂಬಗಳ ನಡುವೆ ಹೆಚ್ಚಾಗಿ ಒಂದರಿಂದ ಎರಡು ಆರ್ಕ್‌ಸೆಕೆಂಡ್ ಅಂತರ ಇರುತ್ತದೆ. ನಿಮ್ಮದು ಸ್ವಲ್ಪ ಜಾಸ್ತಿ. ಅಂದರೆ ಗ್ಯಾಲಕ್ಸಿ ಭಾರಿಯದು, ಬಿಂಬಗಳ ಒಳಗಿನ ಭಾಗವೇ ಹತ್ತಾರು ಸಾವಿರ ಕೋಟಿ ಸೂರ್ಯರಷ್ಟು ತೂಗಬೇಕು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೀಗೆ ಕಾಣುವ ಜೋಡಿಗಳಲ್ಲಿ ಹೆಚ್ಚಿನವು ಮಸೂರ ಅಲ್ಲ. ಒಂದು ಕ್ವೇಸಾರ್, ಪಕ್ಕದಲ್ಲಿ ನಮ್ಮದೇ ಹಾಲುಹಾದಿಯ ಒಂದು ನಕ್ಷತ್ರ, ಇದು ತುಂಬಾ ಸಾಮಾನ್ಯ. ಎರಡೂ ನಕ್ಷತ್ರ ಆಗಿರುವುದೂ ಉಂಟು. ಸ್ಲೋನ್ (ಎಸ್‌ಡಿಎಸ್‌ಎಸ್) ಆಕಾಶ ಸರ್ವೇಯಲ್ಲಿ ಮಸಾಮುನೆ ಒಗುರಿ, ನವೊಹಿಸ ಇನಾದ ಮತ್ತು ಅವರ ತಂಡ ವರ್ಷಗಟ್ಟಲೆ ಹುಡುಕಿತು. ಲೆಕ್ಕಕ್ಕೆ ಇಟ್ಟುಕೊಂಡ ಸುಮಾರು 50 ಸಾವಿರ ಕ್ವೇಸಾರ್‌ಗಳಲ್ಲಿ ಕಟ್ಟುನಿಟ್ಟಿನ ಪಟ್ಟಿಗೆ ಬಂದ ಮಸೂರಗಳು 26. ಎರಡು ಸಾವಿರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ರೇಡಿಯೋದಲ್ಲಿ ಹುಡುಕಿದ ಕ್ಲಾಸ್ ಅನ್ನುವ ಸರ್ವೇಯಲ್ಲಿ ಸುಮಾರು 700ಕ್ಕೆ ಒಂದು ಸಿಕ್ಕಿತ್ತು.

ಮೊದಲು ಗಯಾ ಉಪಗ್ರಹದ ಕ್ಯಾಟಲಾಗ್ ನೋಡಿ. ಎರಡೂ ಚುಕ್ಕಿಗೆ ಚಲನೆ ಎಷ್ಟು ಕೊಟ್ಟಿದೆ ಅಂತ ಬರೆಯಿರಿ. ನಕ್ಷತ್ರ ಆದರೆ ವರ್ಷಕ್ಕೆ ಒಂದಿಷ್ಟು ಸರಿದಿರುತ್ತದೆ. ಕ್ವೇಸಾರ್ ಕೋಟಿ ಕೋಟಿ ಜ್ಯೋತಿರ್ವರ್ಷ ಆಚೆ ಇರುವುದರಿಂದ ಕದಲುವುದೇ ಇಲ್ಲ.

ಕುಂದಾಪುರ ಕಡಲು
ನಾನು ಬಿಎಸ್ಸಿ ಎರಡನೇ ವರ್ಷ. ಬಹಳ ಮೂಲದ ಒಂದು ಪ್ರಶ್ನೆ ಕೇಳಲಾ? ಗುರುತ್ವ ಮಸೂರದ ಫೋಟೋಗಳಲ್ಲಿ ಯಾವಾಗಲೂ ಬಳೆಯ ಹಾಗೆ ಉಂಗುರ, ಕಮಾನು ಕಾಣುತ್ತದೆ. ಇಲ್ಲಿ ಯಾಕೆ ಬರೀ ಎರಡು ಚುಕ್ಕಿ?

ಗಾಜಿನ ಲೋಟ
ಒಳ್ಳೆಯ ಪ್ರಶ್ನೆ ತಮ್ಮಾ. ನನ್ನ ಹೆಸರೂ ಅದೇ ಪ್ರಯೋಗದಿಂದ ಬಂದದ್ದು. ಅಡುಗೆಮನೆಯಲ್ಲಿ ದಪ್ಪ ತಳದ ಗಾಜಿನ ಲೋಟ ಇದ್ದರೆ ತೆಗೆದುಕೋ. ಹಾಳೆಯ ಮೇಲೆ ಸಣ್ಣದೊಂದು ಕಪ್ಪು ಚುಕ್ಕಿ ಇಡು. ಲೋಟದ ತಳದ ಮೂಲಕ ಅದನ್ನು ನೋಡುತ್ತಾ ಲೋಟವನ್ನು ನಿಧಾನ ಸರಿಸು. ಚುಕ್ಕಿ ಒಂದು ಕಡೆ ಎರಡಾಗುತ್ತದೆ, ಇನ್ನೊಂದು ಕಡೆ ಎಳೆದ ಹಾಗೆ ಕಮಾನಾಗುತ್ತದೆ. ನೇರ ನಡುವೆ ಬಂದರೆ ಉಂಗುರ. ಗುರುತ್ವ ಬೆಳಕನ್ನು ಬಾಗಿಸುವ ರೀತಿ ಗಾಜಿನದ್ದಲ್ಲ, ಆದರೆ ಕಣ್ಣಿಗೆ ಕಾಣುವ ಆಟ ಹತ್ತಿರ ಹತ್ತಿರ ಇದೇ.

ಈಗ ಚುಕ್ಕಿಯ ಬದಲು ಹಾಳೆಯ ಮೇಲೆ ಅಗಲವಾದ ಶಾಯಿ ಕಲೆ ಇಡು. ಆಗ ಕಮಾನುಗಳೇ ಕಾಣುತ್ತವೆ. ಗ್ಯಾಲಕ್ಸಿ ಅಂದರೆ ಆ ಅಗಲ ಕಲೆ. ಕ್ವೇಸಾರ್ ಅಂದರೆ ಚುಕ್ಕಿ. ಒಂದು ಗ್ಯಾಲಕ್ಸಿಯ ನಟ್ಟನಡುವಿನ ಕಪ್ಪುಕುಳಿಯ ಸುತ್ತ ಸುಡುತ್ತಿರುವ ಅನಿಲದ ತಟ್ಟೆ ಅದು. ಗಾತ್ರದಲ್ಲಿ ನಮ್ಮ ಸೌರಮಂಡಲಕ್ಕೆ ಹೋಲಿಸುವಷ್ಟು ಚಿಕ್ಕದು, ಬೆಳಕು ಮಾತ್ರ ಇಡೀ ಗ್ಯಾಲಕ್ಸಿಯನ್ನು ಮೀರಿಸುತ್ತದೆ. ಅಷ್ಟು ಚಿಕ್ಕದಾದ್ದರಿಂದ ಎಷ್ಟು ಎಳೆದರೂ ನಮಗೆ ಚುಕ್ಕಿಯಾಗಿಯೇ ಕಾಣುತ್ತದೆ. ಎರಡು, ಇಲ್ಲವೇ ನಾಲ್ಕು. ನಾಲ್ಕು ಬಂದರೆ ಕೆಲಸ ಸುಲಭ. ಒಂದು ಗ್ಯಾಲಕ್ಸಿಯ ಸುತ್ತ ನಾಲ್ಕು ನೀಲಿ ಚುಕ್ಕಿ ಆ ಜೋಡಣೆಯಲ್ಲಿ ಸುಮ್ನೆ ಬಂದು ಕೂರುವುದಿಲ್ಲ. ಎರಡು ಬಂದಾಗಲೇ ಕಷ್ಟ. ಮೇಡಂ ಕೈಗೆ ಸಿಕ್ಕಿರುವುದು ಆ ಕಷ್ಟದ ಜಾತಿ.

ಬೆಳ್ಳಿಚುಕ್ಕಿ
ಗಯಾ ನೋಡಿದೆ ಸರ್. ಪ್ರಕಾಶಮಾನ ಚುಕ್ಕಿಗೆ, ಅದನ್ನು ಎ ಅನ್ನುತ್ತೇನೆ, ಚಲನೆ ಸೊನ್ನೆ ಅಂತಲೇ ಹೇಳಬಹುದು. ಕೊಟ್ಟಿರುವ ಅಂಕಿ ತಪ್ಪಿನ ಅಳತೆಗಿಂತ ಚಿಕ್ಕದು. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಸರಿದ ಹಾಗೆ ಕಾಣುವ ಅಳತೆ) ಕೂಡ ಸೊನ್ನೆಯ ಆಸುಪಾಸು. ಬಹಳ ಖುಷಿ ಆಯಿತು. ಆದರೆ ಮಂಕು ಚುಕ್ಕಿ ಬಿ ಇದೆಯಲ್ಲ, ಅದಕ್ಕೆ ಸ್ಥಾನ ಮಾತ್ರ ಕೊಟ್ಟಿದೆ. ಚಲನೆಯ ಜಾಗ ಖಾಲಿ. ಇದು ಯಾಕೆ ಹೀಗೆ? ನಾನು ಹುಡುಕಿದ್ದು ತಪ್ಪಾ?

ಹೊಸಕೋಟೆ ರಾತ್ರಿ
ನೀವು ಹುಡುಕಿದ್ದು ಸರಿಯಾಗಿಯೇ ಇದೆ. ಪಕ್ಕದಲ್ಲೇ ಇನ್ನೊಂದು ಚುಕ್ಕಿ ಇದ್ದಾಗ, ಅದೂ ಮಂಕಾಗಿದ್ದಾಗ, ಗಯಾಗೆ ನೆಚ್ಚುವಂಥ ಚಲನೆ ಅಳೆಯಲು ಆಗದೇ ಇರುವುದು ಮಾಮೂಲು. ಆಗ ಸ್ಥಾನ ಮಾತ್ರ ಪ್ರಕಟಿಸುತ್ತಾರೆ. ಗಯಾದ ನಾಲ್ಕನೇ ದೊಡ್ಡ ಬಿಡುಗಡೆ 2026ರ ಡಿಸೆಂಬರ್‌ಗೆ ಎಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಹೇಳಿದೆ. ಅದರಲ್ಲಿ ಬಿ ಚುಕ್ಕಿಗೂ ಚಲನೆ ಸಿಗಬಹುದು. ಅಲ್ಲಿಯ ತನಕ ಬೇರೆ ದಾರಿ ಹಿಡಿಯೋಣ.

ಟ್ಯೂಸಾನ್ ತುಂಗೆ
ತೀರ್ಥಹಳ್ಳಿ ಕಡೆಯವಳು ನಾನು, ಈಗ ಅರಿಜೋನಾದ ಟ್ಯೂಸಾನ್‌ನಲ್ಲಿ ಇದ್ದೇನೆ. ಈ ಚರ್ಚೆ ನೋಡಿ ಬರೆಯದೇ ಇರಲು ಆಗಲಿಲ್ಲ. ಯಾಕೆಂದರೆ ಇದೆಲ್ಲ ಶುರುವಾದ ಕಿಟ್ ಪೀಕ್ ಬೆಟ್ಟ ಇಲ್ಲಿಂದ ಒಂದು ಗಂಟೆಗೆ ಚೂರು ಜಾಸ್ತಿ ದಾರಿ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ 2.1 ಮೀಟರ್ ದೂರದರ್ಶಕದ ಗುಮ್ಮಟ ತೋರಿಸುತ್ತೇನೆ.

1979ರ ಮಾರ್ಚ್‌ನಲ್ಲಿ ಡೆನ್ನಿಸ್ ವಾಲ್ಷ್ ಮತ್ತು ಬಾಬ್ ಕಾರ್ಸ್‌ವೆಲ್ ಆ ದೂರದರ್ಶಕದಲ್ಲಿ ಕೂತಿದ್ದರು. ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ರೇಡಿಯೋ ಸರ್ವೇಯಲ್ಲಿ ಸಿಕ್ಕ ರೇಡಿಯೋ ಮೂಲಗಳಿಗೆ ಕಣ್ಣಿಗೆ ಕಾಣುವ ಜೊತೆಗಾರ ಯಾರು ಅಂತ ಪತ್ತೆ ಮಾಡುವುದು ಅವರ ಕೆಲಸ. ಸಪ್ತರ್ಷಿ ಮಂಡಲದ ಕಡೆ ಒಂದು ಮೂಲದ ಜಾಗದಲ್ಲಿ ಎರಡು ನೀಲಿ ಚುಕ್ಕಿಗಳಿದ್ದವು, ನಡುವೆ ಆರು ಆರ್ಕ್‌ಸೆಕೆಂಡ್. ಒಂದರ ರೋಹಿತ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದರು. ಕ್ವೇಸಾರ್, ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ಗೆರೆಗಳು ಕೆಂಪಿನ ಕಡೆ ಸರಿದ ಅಳತೆ, ದೂರ ಹೆಚ್ಚಿದಷ್ಟೂ ಹೆಚ್ಚು) 1.4ರ ಹತ್ತಿರ. ಇನ್ನೊಂದರ ರೋಹಿತ ತೆಗೆದರು. ಅದೇ ಗೆರೆಗಳು, ಅದೇ ಜಾಗ. ಒಂದನ್ನೇ ಎರಡು ಸಲ ನೋಡಿದೆವಾ ಅನ್ನುವಷ್ಟು ಒಂದೇ ಥರ. ಆಮೇಲೆ ರೇ ವೇಮನ್ ಇನ್ನೊಂದು ದೂರದರ್ಶಕದಲ್ಲಿ ನೋಡಿ ಹೌದು ಅಂದರು. ಅದೇ ವರ್ಷ ಮೇ ತಿಂಗಳಲ್ಲಿ ಮೂವರ ಹೆಸರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕ್ಯೂ 0957+561, ಅವಳಿ ಕ್ವೇಸಾರ್. 1936ರಲ್ಲಿ ಐನ್‌ಸ್ಟೈನ್ ಅವರು ಒಂದು ನಕ್ಷತ್ರ ಇನ್ನೊಂದಕ್ಕೆ ಮಸೂರ ಆಗುವುದನ್ನು ಲೆಕ್ಕ ಹಾಕಿ, ಇದನ್ನು ಕಣ್ಣಾರೆ ಕಾಣುವ ಭರವಸೆ ಇಲ್ಲ ಅಂತ ಬರೆದಿದ್ದರು. ಮರುವರ್ಷವೇ ಫ್ರಿಟ್ಜ್ ಜ್ವಿಕಿ, ನಕ್ಷತ್ರ ಬೇಡ, ಗ್ಯಾಲಕ್ಸಿಗಳನ್ನು ನೋಡಿ ಅಂದರು. ಜ್ವಿಕಿ ಮಾತು ನಿಜ ಆಗಲು 42 ವರ್ಷ ಹಿಡಿಯಿತು.

ನಾನು ಹೇಳಬೇಕಾದ್ದು ಇದರ ನಂತರದ ಕಥೆ. ಎಲ್ಲರೂ ತಕ್ಷಣ ನಂಬಲಿಲ್ಲ. ನ್ಯೂ ಮೆಕ್ಸಿಕೋದ ವಿಎಲ್‌ಎ ರೇಡಿಯೋ ದೂರದರ್ಶಕದಲ್ಲಿ ನೋಡಿದಾಗ ಎ ಬಿಂಬಕ್ಕೆ ಒಂದು ಚಿಲುಮೆಯ ಹಾಗೆ ಬಾಲ ಇತ್ತು, ಬಿ ಬಿಂಬಕ್ಕೆ ಇರಲಿಲ್ಲ. ಒಂದೇ ವಸ್ತು ಆದರೆ ಒಂದಕ್ಕೆ ಬಾಲ, ಇನ್ನೊಂದಕ್ಕೆ ಇಲ್ಲ ಅಂದರೆ ಹೇಗೆ? ಉತ್ತರ ಏನೆಂದರೆ, ಮಸೂರ ಎರಡು ಬಿಂಬ ಮಾಡುವ ಜಾಗ ಚಿಕ್ಕದು. ಬಾಲ ಆ ಜಾಗದ ಹೊರಗೆ ಬಿದ್ದಿತ್ತು, ಹಾಗಾಗಿ ಅದಕ್ಕೆ ಒಂದೇ ಬಿಂಬ. ಆಮೇಲೆ ಪಾಲೊಮಾರ್ ಮತ್ತು ಮೌನಾ ಕಿಯಾ ಬೆಟ್ಟಗಳಿಂದ ತೆಗೆದ ಚಿತ್ರಗಳಲ್ಲಿ ಮಸೂರದ ಗ್ಯಾಲಕ್ಸಿಯೇ ಸಿಕ್ಕಿತು. ಬಿ ಬಿಂಬದಿಂದ ಸುಮಾರು ಒಂದು ಆರ್ಕ್‌ಸೆಕೆಂಡ್ ದೂರದಲ್ಲಿ, ಅದರ ಬೆಳಕಿನ ಮರೆಯಲ್ಲೇ ಅಡಗಿತ್ತು. ಮೇಡಂ, ನಿಮ್ಮ ಚಿತ್ರದಲ್ಲಿ ಕೆಂಪು ಮಚ್ಚೆ ಮೊದಲೇ ಕಾಣುತ್ತಿದೆ. ಅವರಿಗೆ ಇಲ್ಲದ ಅನುಕೂಲ ಅದು.

ಕುಂದಾಪುರ ಕಡಲು
ಲೋಟದ ಪ್ರಯೋಗ ಮಾಡಿದೆ ಸರ್, ಕೆಲಸ ಮಾಡುತ್ತದೆ! ಅಮ್ಮನಿಗೂ ತೋರಿಸಿದೆ. ಇನ್ನೊಂದು ಪ್ರಶ್ನೆ. ಮೇಡಂ ಕಣ್ಣಿಂದ ಹುಡುಕಿದರು. ಕೋಟಿಗಟ್ಟಲೆ ಚುಕ್ಕಿಗಳಲ್ಲಿ ವಿಜ್ಞಾನಿಗಳು ಹೇಗೆ ಹುಡುಕುತ್ತಾರೆ?

ಹೊಸಕೋಟೆ ರಾತ್ರಿ
ಒಂದು ದಾರಿ ಅಂತ ಇಲ್ಲ. ಒಂದೊಂದು ಸರ್ವೇಗೆ ಒಂದೊಂದು ಬಲೆ. ಒಂದೊಂದು ಬಲೆಯಲ್ಲೂ ಒಂದೊಂದು ತೂತು.

ಹಳೆಯ ಬಲೆ ಬಣ್ಣದ್ದು. ಕ್ವೇಸಾರ್ ನೇರಳಾತೀತದಲ್ಲಿ ಜಾಸ್ತಿ ಬೆಳಗುತ್ತದೆ, ನಕ್ಷತ್ರಗಳಿಗಿಂತ ನೀಲಿ. ಈಗ ಅದರ ಜೊತೆಗೆ ವೈಸ್ ಉಪಗ್ರಹದ ಅವಕೆಂಪು ಅಳತೆ ಇದೆ. ಕ್ವೇಸಾರ್ ಸುತ್ತಲಿನ ಧೂಳು ಬಿಸಿಯಾಗಿ ಅವಕೆಂಪಿನಲ್ಲಿ ಹೊಳೆಯುತ್ತದೆ, ಸಾಮಾನ್ಯ ನಕ್ಷತ್ರ ಹಾಗೆ ಹೊಳೆಯುವುದಿಲ್ಲ. ವೈಸ್‌ನ ಮೊದಲ ಎರಡು ಬಣ್ಣಗಳ ವ್ಯತ್ಯಾಸ 0.8 ಮ್ಯಾಗ್ನಿಟ್ಯೂಡ್ (ಪ್ರಕಾಶದ ಅಳತೆ) ದಾಟಿದರೆ ಕ್ವೇಸಾರ್ ಇರಬಹುದು ಅಂತ ಹಿಡಿಯುತ್ತಾರೆ. ತೊಂದರೆ ಏನೆಂದರೆ ವೈಸ್ ಕಣ್ಣು ಮಂಜು. ಆರು ಆರ್ಕ್‌ಸೆಕೆಂಡ್ ಒಳಗಿನದೆಲ್ಲ ಅದಕ್ಕೆ ಒಂದೇ ಮುದ್ದೆ. ಮೇಡಂನ ಎ, ಬಿ ಎರಡೂ ಅದರಲ್ಲಿ ಬೆರೆತುಹೋಗಿರುತ್ತವೆ.

ಎರಡನೇ ಬಲೆ ಆಕಾರದ್ದು. ನೆಲದ ಮೇಲಿನ ದೂರದರ್ಶಕಕ್ಕೆ ಗಾಳಿಯ ಅಲುಗಾಟದಿಂದ ಚುಕ್ಕಿ ಸುಮಾರು ಒಂದು ಆರ್ಕ್‌ಸೆಕೆಂಡ್ ಅಗಲ ಹರಡುತ್ತದೆ. ಎರಡು ಬಿಂಬ ಅಂಟಿಕೊಂಡು ಉದ್ದನೆಯ ಮುದ್ದೆ ಆಗುತ್ತದೆ. ಕ್ವೇಸಾರ್ ಅಂತ ರೋಹಿತ ಹೇಳಬೇಕು, ಚಿತ್ರದಲ್ಲಿ ಮಾತ್ರ ಚುಕ್ಕಿಯ ಹಾಗೆ ದುಂಡಗೆ ಇರಬಾರದು. ಸ್ಲೋನ್ ತಂಡ ಹೀಗೆ ಹುಡುಕಿತು. ದೂರ ದೂರ ನಿಂತ ಬಿಂಬಗಳಿಗೆ ಅವರು ಬೇರೆ ದಾರಿ ಇಟ್ಟಿದ್ದರು, ಒಂದೇ ಬಣ್ಣದ ಚುಕ್ಕಿಗಳನ್ನು ಹೋಲಿಸುವುದು. 2003ರಲ್ಲಿ ಎಸ್‌ಡಿಎಸ್‌ಎಸ್ ಜೆ1004+4112 ಹಾಗೆ ಸಿಕ್ಕಿತು. ಬಿಂಬಗಳ ನಡುವೆ 14.6 ಆರ್ಕ್‌ಸೆಕೆಂಡ್! ಅಷ್ಟು ಅಗಲಿಸಲು ಒಂದು ಗ್ಯಾಲಕ್ಸಿ ಸಾಲದು. ಅಲ್ಲಿ ಇಡೀ ಗ್ಯಾಲಕ್ಸಿ ಗುಂಪೇ ಮಸೂರ.

ಆಮೇಲೆ ಗಯಾ ಬಂತು, ಆಟವೇ ಬದಲಾಯಿತು. ಅದನ್ನು ಹಾರಿಸಿದ್ದು ನಕ್ಷತ್ರಗಳ ಸ್ಥಾನ ಅಳೆಯಲು, ಆದರೆ ವಾತಾವರಣದ ಆಚೆ ಇದ್ದದ್ದರಿಂದ ಒಂದು ಆರ್ಕ್‌ಸೆಕೆಂಡಿಗಿಂತ ಹತ್ತಿರದ ಚುಕ್ಕಿಗಳನ್ನೂ ಬಿಡಿಸಿತು. ನೆಲದಿಂದ ಒಂದೇ ಮುದ್ದೆಯಾಗಿ ಕಂಡದ್ದು ಗಯಾದಲ್ಲಿ ಎರಡು ಸಾಲಾಗಿ ಬಂದರೆ, ಅಲ್ಲಿ ಕೈ ಇಡಬಹುದು. ಕ್ಯಾಮೆರಾನ್ ಲೆಮನ್ ಮತ್ತು ಸಂಗಡಿಗರು ಈ ದಾರಿಯಲ್ಲಿ 175 ಅಭ್ಯರ್ಥಿಗಳ ರೋಹಿತ ತೆಗೆದು 86 ಮಸೂರಗಳನ್ನು ಖಚಿತ ಮಾಡಿದರು. ಅಷ್ಟು ಜರಡಿ ಹಿಡಿದ ಮೇಲೂ ಉಳಿದದ್ದು ಅರ್ಧ, ನೋಡಿ. 2023ರಲ್ಲಿ ಗಯಾ ತಂಡವೇ 381 ಹೊಸ ಅಭ್ಯರ್ಥಿಗಳ ಪಟ್ಟಿ ಬಿಟ್ಟಿತು.

ಇನ್ನೊಂದು ಬಲೆ ನನಗೆ ಬಹಳ ಇಷ್ಟ. 2006ರಲ್ಲಿ ಕ್ರಿಸ್ ಕೊಚಾನೆಕ್ ಮತ್ತು ಜೊತೆಗಾರರು ಹೇಳಿದ್ದು. ಕ್ವೇಸಾರ್ ಬೆಳಕು ಏರುತ್ತಾ ಇಳಿಯುತ್ತಾ ಇರುತ್ತದೆ. ಒಂದೇ ಜಾಗದ ಎರಡು ದಿನದ ಚಿತ್ರ ತೆಗೆದು ಒಂದರಿಂದ ಒಂದನ್ನು ಕಳೆದರೆ, ಬದಲಾಗದ ನಕ್ಷತ್ರ, ಗ್ಯಾಲಕ್ಸಿ ಎಲ್ಲ ಮಾಯ. ಏರಿಳಿತ ಇರುವುದು ಮಾತ್ರ ಉಳಿಯುತ್ತದೆ. ಉಳಿದದ್ದು ಒಂದು ಚುಕ್ಕಿ ಅಲ್ಲದೆ ಅಗಲವಾಗಿ ಹರಡಿದ್ದರೆ ಅದು ಮಸೂರ ಇರುವ ಸಾಧ್ಯತೆ ಜಾಸ್ತಿ. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿತಲ್ಲ, ಅದು ದಕ್ಷಿಣದ ಆಕಾಶವನ್ನು ಹತ್ತು ವರ್ಷ ಮತ್ತೆ ಮತ್ತೆ ಚಿತ್ರ ತೆಗೆಯುತ್ತದೆ. ಈ ಬಲೆಗೆ ಅದಕ್ಕಿಂತ ಒಳ್ಳೆಯ ಕೆರೆ ಇಲ್ಲ. ಸಾವಿರಗಟ್ಟಲೆ ಸಿಗಬೇಕು ಅನ್ನುವುದು ಒಗುರಿ ಮತ್ತು ಫಿಲ್ ಮಾರ್ಷಲ್ 2010ರಲ್ಲೇ ಹಾಕಿದ ಲೆಕ್ಕ.

ಟ್ಯೂಸಾನ್ ತುಂಗೆ
ಬಲೆಯೇ ಹಾಕದೆ ಸಿಕ್ಕಿದ್ದೂ ಇದೆ. 1985ರಲ್ಲಿ ಜಾನ್ ಹಕ್ರಾ ಅವರ ತಂಡ ಹತ್ತಿರದ ಗ್ಯಾಲಕ್ಸಿಗಳ ದೂರ ಅಳೆಯುತ್ತಿತ್ತು. ಒಂದು ಗ್ಯಾಲಕ್ಸಿಯ ನಡುವಿನ ರೋಹಿತ ತೆಗೆದರೆ ಅದರಲ್ಲಿ ಕ್ವೇಸಾರ್ ಗೆರೆಗಳು! ಗ್ಯಾಲಕ್ಸಿಯ ರೆಡ್‌ಶಿಫ್ಟ್ 0.039, ಕ್ವೇಸಾರ್‌ದು 1.695. ಆಮೇಲೆ ಚೆನ್ನಾಗಿ ಚಿತ್ರ ತೆಗೆದಾಗ ನಡುವಿನ ಸುತ್ತ ನಾಲ್ಕು ಚುಕ್ಕಿ. ಅದೇ ಐನ್‌ಸ್ಟೈನ್ ಶಿಲುಬೆ.

ಮೇಡಂ, ಈಗ ಅದೇ ಕಿಟ್ ಪೀಕ್ ಬೆಟ್ಟದ ಮೇಲೆ 4 ಮೀಟರ್ ಮೇಯಾಲ್ ದೂರದರ್ಶಕಕ್ಕೆ ಡೆಸಿ ಅನ್ನುವ ಯಂತ್ರ ಕೂರಿಸಿದ್ದಾರೆ. ಒಂದೇ ಸಲ 5000 ವಸ್ತುಗಳ ರೋಹಿತ ತೆಗೆಯುತ್ತದೆ. ಮೊದಲ ದೊಡ್ಡ ಬಿಡುಗಡೆ 2025ರ ಮಾರ್ಚ್‌ನಲ್ಲಿ ಆಯಿತು, ಯಾರು ಬೇಕಾದರೂ ನೋಡಬಹುದು. ನೀವು ಬಳಸುತ್ತಿರುವ ಲೆಗಸಿ ಸರ್ವೇ ಮಾಡಿದ್ದೇ ಡೆಸಿಗೆ ಗುರಿಗಳನ್ನು ಆರಿಸಲು. ನಕ್ಷೆಯಲ್ಲೇ ಡೆಸಿ ರೋಹಿತದ ಗುರುತು ಹಚ್ಚಿಕೊಳ್ಳಬಹುದು, ನೋಡಿ.

ಬೆಳ್ಳಿಚುಕ್ಕಿ
ಕೈ ನಡುಗುತ್ತಿದೆ, ಆದರೂ ಬರೆಯುತ್ತೇನೆ. ಎ ಚುಕ್ಕಿಗೆ ಡೆಸಿ ರೋಹಿತ ಇದೆ! ಅದು ಕ್ವೇಸಾರ್!

ಯಂತ್ರ ಕೊಟ್ಟ ರೆಡ್‌ಶಿಫ್ಟ್ 1.72. ಸುಮ್ಮನೆ ನಂಬದೆ ಕಾಗದ ಪೆನ್ಸಿಲ್ ಹಿಡಿದು ನಾನೇ ಲೆಕ್ಕ ಮಾಡಿದೆ. ಕಾರ್ಬನ್‌ನ 1549 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯ ಉದ್ದದ ಅಳತೆ) ಗೆರೆ, ಒಂದಕ್ಕೆ 1.72 ಕೂಡಿಸಿ ಬಂದ 2.72ರಿಂದ ಗುಣಿಸಿದರೆ 4213ಕ್ಕೆ ಬರಬೇಕು. ಅಲ್ಲೇ ಅಗಲವಾದ ಗುಡ್ಡ ಇದೆ. ಮೆಗ್ನೀಷಿಯಂ 2798ರ ಗೆರೆ 7611ಕ್ಕೆ ಬರಬೇಕು. ಅಲ್ಲೂ ಇದೆ. ತರಗತಿಯಲ್ಲಿ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಸೂತ್ರ ಹೀಗೆ ನನ್ನ ಕಣ್ಣೆದುರು ಕೆಲಸ ಮಾಡಿದ್ದು ಇದೇ ಮೊದಲು.

ಬಣ್ಣವನ್ನೂ ನೋಡಿದೆ. ಎ ಮತ್ತು ಬಿ ಎರಡರ ಬಣ್ಣ ಬಹಳ ಹತ್ತಿರ, ಬಿ ಒಂದು ಚೂರು ಕೆಂಪು. ಸರ್ವೇಯವರು ಚುಕ್ಕಿಗಳ ಮಾದರಿ ಕಳೆದು ಉಳಿಕೆ ಚಿತ್ರ ಕೊಡುತ್ತಾರಲ್ಲ, ಅದರಲ್ಲಿ ಕೆಂಪು ಮಚ್ಚೆ ಇನ್ನೂ ಸ್ಪಷ್ಟ ಆಯಿತು. ಬಿ ಚುಕ್ಕಿಗೆ ಮಾತ್ರ ಡೆಸಿ ರೋಹಿತ ಇಲ್ಲ.

ಕುಕ್ಕರಹಳ್ಳಿ
ಅಭಿನಂದನೆ ಮೇಡಂ! ನನ್ನ ಅಭಿಪ್ರಾಯದಲ್ಲಿ ಇನ್ನು ಬಿ ಚುಕ್ಕಿಯ ರೋಹಿತ ಒಂದು ಸಿಕ್ಕಿ, ರೆಡ್‌ಶಿಫ್ಟ್ ಅದೇ 1.72 ಬಂದರೆ ಕೆಲಸ ಮುಗಿಯಿತು. ಎರಡು ಕ್ವೇಸಾರ್ ಒಂದೇ ದೂರದಲ್ಲಿ, 2.4 ಆರ್ಕ್‌ಸೆಕೆಂಡ್ ಅಂತರದಲ್ಲಿ ಆಕಸ್ಮಿಕವಾಗಿ ಬರುವುದು ಎಲ್ಲಾದರೂ ಉಂಟಾ? ಮತ್ತೆ ಇನ್ನೇನು ಬೇಕು?

ಗಾಜಿನ ಲೋಟ
ಕುಕ್ಕರಹಳ್ಳಿಯವರೇ, ಇಲ್ಲಿ ನಾನು ಒಪ್ಪುವುದಿಲ್ಲ. ರೆಡ್‌ಶಿಫ್ಟ್ ಒಂದೇ ಬಂದರೂ ಕೆಲಸ ಮುಗಿಯುವುದಿಲ್ಲ.

ಕ್ಯೂ 2345+007 ಅಂತ ಒಂದು ಜೋಡಿ ಇದೆ. 1982ರಲ್ಲಿ ಸಿಕ್ಕಿದ್ದು. ಎರಡು ಚುಕ್ಕಿ, ನಡುವೆ 7.3 ಆರ್ಕ್‌ಸೆಕೆಂಡ್, ಎರಡರದ್ದೂ ರೆಡ್‌ಶಿಫ್ಟ್ 2.15, ರೋಹಿತಗಳು ಅಣ್ಣತಮ್ಮಂದಿರ ಹಾಗೆ. ಎಲ್ಲರೂ ಮಸೂರ ಅಂದರು. ಆದರೆ ನಡುವೆ ಮಸೂರದ ಗ್ಯಾಲಕ್ಸಿ ಎಷ್ಟು ಹುಡುಕಿದರೂ ಒಪ್ಪುವ ಹಾಗೆ ಸಿಗಲಿಲ್ಲ. ಅಷ್ಟು ಅಗಲಿಸಲು ದೊಡ್ಡ ತೂಕ ಬೇಕು. ಹಾಗಾದರೆ ಬೆಳಕೇ ಕೊಡದ ಕತ್ತಲೆ ಮಸೂರ ಇರಬೇಕು ಅಂತ ಮಾತು ಶುರುವಾಯಿತು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಕೊನೆಗೆ ಚಂದ್ರ ಎಕ್ಸ್-ರೇ ವೀಕ್ಷಣಾಲಯದಲ್ಲಿ ನೋಡಿದರು. ಅಷ್ಟು ತೂಕದ ಗ್ಯಾಲಕ್ಸಿ ಗುಂಪು ಇದ್ದರೆ ಅದರ ಬಿಸಿ ಅನಿಲ ಎಕ್ಸ್-ರೇಯಲ್ಲಿ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎರಡು ಚುಕ್ಕಿಗಳ ಎಕ್ಸ್-ರೇ ಗುಣವೂ ಬೇರೆ ಬೇರೆ. 2002ರಲ್ಲಿ ತೀರ್ಮಾನ ಬಂತು: ಅದು ನಿಜವಾಗಿಯೂ ಎರಡು ಕ್ವೇಸಾರ್, ಪಕ್ಕಪಕ್ಕದಲ್ಲಿ ಇರುವ ಜೋಡಿ. ಗ್ಯಾಲಕ್ಸಿಗಳು ಒಂದಕ್ಕೊಂದು ಹತ್ತಿರ ಬಂದಾಗ ಎರಡರ ಕಪ್ಪುಕುಳಿಗಳೂ ಒಟ್ಟಿಗೆ ಎದ್ದು ಹೊಳೆಯುವುದು ಉಂಟು. ಆಕಸ್ಮಿಕ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ನನಗೆ ರೋಹಿತಕ್ಕಿಂತ ಮೇಡಂನ ಕೆಂಪು ಮಚ್ಚೆಯ ಮೇಲೆ ಜಾಸ್ತಿ ನಂಬಿಕೆ. ಅದು ನಿಜವಾಗಿ ಗ್ಯಾಲಕ್ಸಿಯೇ, ಅದರ ದೂರ ಎಷ್ಟು, ಆ ಬೆಳಕಿಗೆ ತಕ್ಕ ತೂಕ ಇಟ್ಟರೆ ಇಷ್ಟೇ ಅಂತರದ ಎರಡು ಬಿಂಬ ಬರುತ್ತದಾ, ಪ್ರಕಾಶದ ಅನುಪಾತ ಹೊಂದುತ್ತದಾ. ಇಷ್ಟೆಲ್ಲ ಕೂಡಿದರೆ ಆಗ ಹೌದು ಅನ್ನಬಹುದು.

ಕುಕ್ಕರಹಳ್ಳಿ
ಸರಿ ಸರ್, ಒಪ್ಪಿದೆ. ಆ ಇಪ್ಪತ್ತು ವರ್ಷದ ಕಥೆ ನನಗೆ ಗೊತ್ತಿರಲಿಲ್ಲ. ಆದರೆ ತಿರುಗಿಸಿ ಕೇಳುತ್ತೇನೆ. ಎರಡು ರೋಹಿತ ಪೂರ್ತಿ ಒಂದೇ ಥರ ಬರದಿದ್ದರೆ? ಮೇಡಂನ ಬಿ ಚುಕ್ಕಿ ಸ್ವಲ್ಪ ಕೆಂಪು ಅಂದರಲ್ಲ. ಆಗ ಮಸೂರ ಅಲ್ಲ ಅಂತ ಕೈ ಬಿಡಬೇಕಾ?

ಗಾಜಿನ ಲೋಟ
ಬಿಡಬಾರದು. ಬಿ ಬಿಂಬದ ಬೆಳಕು ಗ್ಯಾಲಕ್ಸಿಯ ಒಳಭಾಗದ ಹತ್ತಿರ ಹಾದು ಬರುತ್ತದೆ. ಅಲ್ಲಿ ಧೂಳು ಇದ್ದರೆ ನೀಲಿ ಕಳೆದು ಕೆಂಪು ಉಳಿಯುತ್ತದೆ. ಗ್ಯಾಲಕ್ಸಿಯದ್ದೇ ಕೆಂಪು ಬೆಳಕೂ ಬಿ ಚುಕ್ಕಿಯ ಜೊತೆ ಬೆರೆತಿರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಮಸೂರದ ಗ್ಯಾಲಕ್ಸಿಯ ಬಿಡಿ ಬಿಡಿ ನಕ್ಷತ್ರಗಳೂ ಪುಟ್ಟ ಮಸೂರಗಳೇ. ದಾರಿಗೆ ಅಡ್ಡ ಬಂದ ಒಂದು ನಕ್ಷತ್ರ ಕ್ವೇಸಾರ್‌ನ ಒಳಗಿನ ಬಿಸಿ ತಟ್ಟೆಯನ್ನು ಹಿಗ್ಗಿಸುತ್ತದೆ, ಹೊರಗಿನ ಅಗಲವಾದ ಅನಿಲವನ್ನು ಅಷ್ಟು ಮುಟ್ಟುವುದಿಲ್ಲ. ಆಗ ಒಂದು ಬಿಂಬದಲ್ಲಿ ಹಿನ್ನೆಲೆ ಬೆಳಕು ಏರಿ, ಗೆರೆಗಳು ಅದಕ್ಕೆ ಹೋಲಿಸಿದರೆ ಕುಗ್ಗಿದ ಹಾಗೆ ಕಾಣುತ್ತವೆ. ಅದಕ್ಕೇ ಗೆರೆಗಳ ಎತ್ತರಕ್ಕಿಂತ ಅವು ಇರುವ ಜಾಗ, ಅವುಗಳ ಅಗಲ, ಆಕಾರ ನೋಡಬೇಕು.

ಹೊಸಕೋಟೆ ರಾತ್ರಿ
ಎಲ್ಲ ಅನುಮಾನವನ್ನೂ ಮುಗಿಸುವ ಸಾಕ್ಷಿ ಒಂದಿದೆ. ಅದು ಕಾಲ. ಅದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನಮ್ಮ ಊರಿನ ಕೈ ಇದೆ.

ಎರಡು ಬಿಂಬದ ಬೆಳಕು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ದಾರಿಯ ಉದ್ದವೂ ಬೇರೆ, ಗುರುತ್ವದ ಆಳದಲ್ಲಿ ಆಗುವ ತಡವೂ ಬೇರೆ. ಕ್ವೇಸಾರ್ ಇವತ್ತು ಒಂದು ಸಲ ಮಿನುಗಿದರೆ ಆ ಮಿನುಗು ಎ ಬಿಂಬದಲ್ಲಿ ಮೊದಲು ಕಾಣುತ್ತದೆ, ಬಿ ಬಿಂಬದಲ್ಲಿ ಆಮೇಲೆ. ಎ ಹೇಗೆ ಏರಿಳಿಯಿತೋ ಬಿ ಅದನ್ನೇ ಇಷ್ಟು ದಿನ ಬಿಟ್ಟು ಮಾಡಿದರೆ, ಎರಡೂ ಒಂದೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅವಳಿ ಕ್ವೇಸಾರ್‌ನಲ್ಲಿ ಈ ತಡ 415 ದಿನವಾ, 540 ದಿನವಾ ಅಂತ ವರ್ಷಗಟ್ಟಲೆ ಜಗಳ ಇತ್ತು. 1994ರ ಡಿಸೆಂಬರ್‌ನಲ್ಲಿ ಎ ಬಿಂಬ ಇದ್ದಕ್ಕಿದ್ದ ಹಾಗೆ ಇಳಿಯಿತು. ಬಿ ಯಾವಾಗ ಇಳಿಯುತ್ತದೆ ಅಂತ ಮೊದಲೇ ಹೇಳಿ ಕಾದರು. 1996ರಲ್ಲಿ ಇಳಿಯಿತು. ತಡ 417 ದಿನ.

ಈಗ ನಮ್ಮ ಮಾತು. ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ಇಲ್ಲಿ ಬೆಂಗಳೂರು ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ನಾನು ಬೇರೊಂದು ಕೆಲಸಕ್ಕೆ ಕೆಲವು ರಾತ್ರಿ ಆ ಕೊಠಡಿಯಲ್ಲಿ ಕೂತವನು. ಹೊರಗೆ ಹೊಸಕೋಟೆಯ ಲಾರಿಗಳ ಸದ್ದು, ಪರದೆಯ ಮೇಲೆ ಹಾನ್ಲೆಯ ಆಕಾಶ. ಅದನ್ನು ಮರೆಯಲು ಆಗುವುದಿಲ್ಲ. ಕಾಸ್ಮೊಗ್ರೇಲ್ ಅನ್ನುವ ಅಂತರರಾಷ್ಟ್ರೀಯ ಯೋಜನೆ ಈ ತಡಗಳನ್ನೇ ಅಳೆಯುತ್ತದೆ, ಈ ದೂರದರ್ಶಕವೂ ಅದರಲ್ಲಿ ಸೇರಿತ್ತು. ಎಸ್‌ಡಿಎಸ್‌ಎಸ್ ಜೆ1001+5027 ಅನ್ನುವ ಜೋಡಿ ಕ್ವೇಸಾರನ್ನು 2005ರ ಮಾರ್ಚ್‌ನಿಂದ 2011ರ ಜುಲೈ ತನಕ ಹಾನ್ಲೆ, ಉಜ್ಬೇಕಿಸ್ತಾನದ ಮೈದಾನಾಕ್, ಮತ್ತೆ ಕ್ಯಾನರಿ ದ್ವೀಪದ ಮರ್ಕೇಟರ್, ಈ ಮೂರು ದೂರದರ್ಶಕಗಳಿಂದ ನೋಡಿದರು. ಆರು ವರ್ಷಕ್ಕೂ ಜಾಸ್ತಿ, 443 ಸಲ. ಏರಿಳಿತ ಇದ್ದದ್ದು 0.2 ಮ್ಯಾಗ್ನಿಟ್ಯೂಡ್ ಅಷ್ಟೇ. ಅದರಿಂದ ಹೊರಟ ತಡ 119.3 ದಿನ. 2013ರ ಆ ಪ್ರಬಂಧದ ಮೊದಲ ಹೆಸರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ರತ್ನ ಕುಮಾರ್ ಅವರದ್ದು.

ಕುಂದಾಪುರ ಕಡಲು
ಆರು ವರ್ಷ ಒಂದೇ ಚುಕ್ಕಿ ನೋಡಿ ದಿನದ ಲೆಕ್ಕ ಸಿಕ್ಕಿತು. ಅದರಿಂದ ಮುಂದೆ ಏನು ಉಪಯೋಗ ಸರ್?

ಹೊಸಕೋಟೆ ರಾತ್ರಿ
ತಡ ಗೊತ್ತಾದರೆ ದಾರಿಯ ನಿಜವಾದ ಉದ್ದ ಗೊತ್ತಾಗುತ್ತದೆ. ಉದ್ದ ಗೊತ್ತಾದರೆ ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಅಂತ ಹೇಳಬಹುದು. ಈ ಉಪಾಯವನ್ನು ನಾರ್ವೆಯ ಶೂರ್ ರೆಫ್ಸ್‌ಡಾಲ್ 1964ರಲ್ಲೇ ಬರೆದಿದ್ದರು, ಒಂದು ಮಸೂರವೂ ಸಿಗದ ಕಾಲದಲ್ಲಿ. ಆರು ಮಸೂರ ಕ್ವೇಸಾರ್‌ಗಳನ್ನು ಬಳಸಿ ಎಚ್‌ಝೀರೋಲಿಕೌ ತಂಡ ಪಡೆದ ಹಬಲ್ ಸ್ಥಿರಾಂಕ, ಅಂದರೆ ಆ ಹಿಗ್ಗುವ ವೇಗದ ಅಳತೆ, 73.3. ಪ್ಲಾಂಕ್ ಉಪಗ್ರಹದ ದಾರಿಯಲ್ಲಿ ಬಂದದ್ದು 67.4. ಎರಡೂ ಕೂಡುತ್ತಿಲ್ಲ. ಮಸೂರದ ತೂಕ ಹೇಗೆ ಹರಡಿದೆ ಅನ್ನುವ ಊಹೆ ಸಡಿಲಿಸಿದರೆ ಮೊದಲ ಅಂಕಿಯ ಅನುಮಾನದ ಅಂಚು ಅಗಲ ಆಗುತ್ತದೆ, ಅದೂ ನಿಜ. ಅದಕ್ಕೇ ಹೊಸ ಮಸೂರಗಳು ಬೇಕು. ಆರು ಸಾಲದು.

ಟ್ಯೂಸಾನ್ ತುಂಗೆ
ಮೇಡಂ, ಒಂದು ವಿಷಯ. ನಿಮ್ಮ ಸ್ಥಾನದ ಅಂಕಿ ಹಾಕಿ ಈಗಾಗಲೇ ಪ್ರಕಟವಾದ ಅಭ್ಯರ್ಥಿ ಪಟ್ಟಿಗಳಲ್ಲಿ ಹುಡುಕಿದೆ. ಒಂದು ಪಟ್ಟಿಯಲ್ಲಿ ಇದು ಇದೆ. ಒಂದು ತಂಡ ಯಂತ್ರಕಲಿಕೆಯಿಂದ ಆರಿಸಿ ಕಣ್ಣಿಂದ ನೋಡಿ ಎರಡನೇ ದರ್ಜೆ ಕೊಟ್ಟಿದೆ. ಬಿ ಚುಕ್ಕಿಯ ರೋಹಿತ ತೆಗೆದ ಹಾಗೆ ಎಲ್ಲೂ ಕಾಣಲಿಲ್ಲ. ಖಚಿತವೂ ಆಗಿಲ್ಲ, ಸುಳ್ಳು ಅಂತಲೂ ಆಗಿಲ್ಲ. ಮೊದಲು ಕಂಡವರು ನೀವಲ್ಲ ಅಂತ ಹೇಳಲು ಮನಸ್ಸು ಬರುತ್ತಿರಲಿಲ್ಲ. ಆದರೆ ಹೇಳದೆ ಇರುವುದು ತಪ್ಪಾಗುತ್ತಿತ್ತು.

ಬೆಳ್ಳಿಚುಕ್ಕಿ
ಹೇಳಿದ್ದು ಒಳ್ಳೆಯದೇ ಆಯಿತು ಅಕ್ಕ. ಮೊದಲ ಐದು ನಿಮಿಷ ಮನಸ್ಸು ಪಿಚ್ಚೆನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚನೆ ಬಂತು. ಲಕ್ಷಗಟ್ಟಲೆ ಚಿತ್ರ ನೋಡಿದ ಯಂತ್ರವೂ, ಅದನ್ನು ಪರೀಕ್ಷಿಸಿದವರ ಕಣ್ಣೂ, ಸಾಗರ ರಸ್ತೆಯ ಮನೆಯಲ್ಲಿ ಕೂತ ನನ್ನ ಕಣ್ಣೂ ಒಂದೇ ಜಾಗದಲ್ಲಿ ನಿಂತಿವೆ. ಅಂದರೆ ಅಲ್ಲಿ ನೋಡುವಂಥದ್ದು ಏನೋ ಇದೆ, ಅಲ್ವಾ?

ಆ ಪಟ್ಟಿ ಬಂದದ್ದು ಡೆಸಿ ಬಿಡುಗಡೆಗೆ ಮುಂಚೆ. ಎ ಕ್ವೇಸಾರ್ ಅನ್ನುವುದು ಅವರ ಪಟ್ಟಿಯಲ್ಲಿ ಇಲ್ಲ. ಇದನ್ನು ಅವರಿಗೆ ತಿಳಿಸಬಹುದಾ?

ಹೊಸಕೋಟೆ ರಾತ್ರಿ
ಖಂಡಿತ ತಿಳಿಸಿ. ರೆಡ್‌ಶಿಫ್ಟ್, ಗಯಾ ಅಂಕಿ, ಉಳಿಕೆ ಚಿತ್ರ ಮೂರನ್ನೂ ಸೇರಿಸಿ ಚಿಕ್ಕದಾಗಿ ಬರೆಯಿರಿ. ಒಂದು ಬಿಂಬ ಕ್ವೇಸಾರ್ ಅಂತ ಗೊತ್ತಾದರೆ ಅಭ್ಯರ್ಥಿ ಪಟ್ಟಿಯಲ್ಲಿ ಮೇಲೆ ಬರುತ್ತದೆ. ದೊಡ್ಡ ದೂರದರ್ಶಕದ ಸಮಯ ಸಿಗುವುದು ಪಟ್ಟಿಯ ಮೇಲಿನವಕ್ಕೇ. ಬೇಕಾದದ್ದು ಒಂದೇ ಒಂದು ಕೆಲಸ: ರೋಹಿತದ ಸೀಳನ್ನು ಎ ಮತ್ತು ಬಿ ಎರಡರ ಮೇಲೂ ಹಾಯುವ ಹಾಗೆ ತಿರುಗಿಸಿ ಇಡುವುದು. ಗಾಳಿ ಶಾಂತವಾಗಿರುವ ರಾತ್ರಿ ಬೇಕು, ಇಲ್ಲದಿದ್ದರೆ ಎರಡರ ಬೆಳಕೂ ಬೆರೆತುಹೋಗುತ್ತದೆ.

ಒಂದೇ ಅಡಚಣೆ ಈಗಿನ ಕಾಲ. ಯುಗಾದಿಯ ಆಸುಪಾಸು ಸೂರ್ಯ ಮೀನ ರಾಶಿಯಲ್ಲೇ ಇರುತ್ತಾನೆ. ಅಲ್ಲಿರುವುದು ಯಾವುದೂ ರಾತ್ರಿ ಕಾಣುವುದಿಲ್ಲ.

ಬೆಳ್ಳಿಚುಕ್ಕಿ
ಇವತ್ತು ಬೆಳಿಗ್ಗೆ ಪತ್ರ ಕಳಿಸಿದೆ. ಇಂಗ್ಲಿಷಿನಲ್ಲಿ ಬರೆಯಲು ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಸಹಾಯ ಮಾಡಿದರು, ಕ್ವೇಸಾರ್ ಅಂದರೇನು ಅಂತ ಕೇಳಿ ತಿಳಿದುಕೊಂಡೇ ತಿದ್ದಿದರು. ಸಂಜೆಗೆ ಉತ್ತರ ಬಂತು. ಅಂಕಿಗಳನ್ನು ತಾವೂ ನೋಡಿ ಸರಿ ಅಂದಿದ್ದಾರೆ, ಶರತ್ಕಾಲದ ಪಟ್ಟಿಯಲ್ಲಿ ಸೇರಿಸುತ್ತೇವೆ ಅಂದಿದ್ದಾರೆ. ಸಮಯ ಸಿಗುತ್ತದೆ ಅಂತ ಮಾತು ಕೊಟ್ಟಿಲ್ಲ.

ದೀಪಾವಳಿ ಹೊತ್ತಿಗೆ ಮೀನ ರಾಶಿ ರಾತ್ರಿ ಒಂಬತ್ತರ ಸುಮಾರಿಗೆ ನೆತ್ತಿಯ ಮೇಲೆ ಬರುತ್ತದೆ. ಏನಾದರೂ ಗೊತ್ತಾದರೆ ಇಲ್ಲೇ ಬರೆಯುತ್ತೇನೆ, ನಕ್ಷತ್ರ ಅಂತ ಗೊತ್ತಾದರೂ ಬರೆಯುತ್ತೇನೆ.

ಕುಂದಾಪುರ ಕಡಲು
ಮೇಡಂ, ಉಳಿಕೆ ಚಿತ್ರ ತೆರೆಯುವುದು ಹೇಗೆ ಅಂತ ಹೇಳಿಕೊಡಿ. ನಾನೂ ತಿಮಿಂಗಿಲದ ನಕ್ಷತ್ರಪುಂಜದ ಕಡೆಯಿಂದ ನೋಡುತ್ತಾ ಬರುತ್ತೇನೆ.